ಖಾಲಿ ಪಟ್ಟಿಗೂ ಒಂದು ವಿಳಾಸ ಬೇಕು

ಪ್ರೊಲಾಗ್ ಲ್ಯಾಬ್ ಮುಗಿಸಿ ಹೊರಗೆ ಬಂದ ಯಾರನ್ನಾದ್ರೂ ಹಿಡಿದು "ಈ [] ಅಂದ್ರೆ ಏನಪ್ಪಾ?" ಅಂತ ಕೇಳಿ ನೋಡಿ. "ಬೇಸ್ ಕೇಸ್" ಅಂತಾರೆ. ತಪ್ಪೇನಲ್ಲ. ಆದ್ರೆ ಅದು [] ಮಾಡೋ ಕೆಲಸ, [] ಯಾರು ಅನ್ನೋದಕ್ಕೆ ಉತ್ತರ ಅಲ್ಲ. ಇನ್ನೂ ಸ್ವಲ್ಪ ಒತ್ತಾಯ ಮಾಡಿದ್ರೆ "ಖಾಲಿ ಲಿಸ್ಟ್" ಅಂತಾರೆ. ಸರಿ, ಆ ಖಾಲಿ ಲಿಸ್ಟ್ ಮೆಮೊರಿಯಲ್ಲಿ ಏನಾಗಿ ಕೂತಿರುತ್ತೆ? ಏನೂ ಇಲ್ಲದ ಜಾಗವಾ? ನಲ್ ಪಾಯಿಂಟರಾ? ರಾಮ, ಸೀತಾ ಅಂತ ಫ್ಯಾಕ್ಟ್ ಬರೆಯುವಾಗ ಬಳಸ್ತೀವಲ್ಲ, ಅಂಥದ್ದೇ ಒಂದು ಆಟಮ್ಮಾ? ಅಥವಾ ಇದ್ಯಾವುದೂ ಅಲ್ಲದ ಬೇರೆ ಏನಾದ್ರೂನಾ?

ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನ ಬೇಕಾ ಅಂತ ಅನ್ನಿಸಬಹುದು. ಆದ್ರೆ ಪ್ರೊಲಾಗ್ ಇಂಪ್ಲಿಮೆಂಟೇಷನ್ ಬರೆಯೋರು ಈ ಎರಡು ಬ್ರಾಕೆಟ್‌ಗಳ ಮೇಲೆ ದಶಕಗಳಿಂದ ಜಗಳ ಆಡ್ತಾ ಇದ್ದಾರೆ, ಇವತ್ತಿಗೂ ಎಲ್ಲ ಪ್ರೊಲಾಗ್‌ಗಳೂ ಒಂದೇ ಉತ್ತರ ಕೊಡಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಖಾಲಿ ಪಟ್ಟಿ ಆಟಮ್ ಆಗಿರಬಾರದು, ನಲ್ ಅಂತೂ ಆಗಲೇಬಾರದು. ಅದಕ್ಕೆ ಅದರದ್ದೇ ಆದ ಒಂದು ಕಾನ್‌ಸ್ಟಂಟ್ ಇರಬೇಕು. ಎಸ್‌ಡಬ್ಲ್ಯುಐ ಪ್ರೊಲಾಗ್ ತನ್ನ 7ನೇ ಆವೃತ್ತಿಯಲ್ಲಿ ಎಲ್ಲರ ಬೈಗುಳ ತಿಂದುಕೊಂಡು ಇದನ್ನ ಮಾಡಿತು, ಮಾಡಿದ್ದು ಸರಿಯಾಗಿಯೇ ಇತ್ತು. ಮಿನಿ ಪ್ರಾಜೆಕ್ಟ್‌ಗೆ ಸ್ವಂತ ಇಂಟರ್‌ಪ್ರಿಟರ್ ಬರೆಯೋಣ ಅಂತ ಹೊರಟಿರೋ ಜೂನಿಯರ್‌ಗಳು ಇದನ್ನ ಮೊದಲ ದಿನವೇ ನಿರ್ಧಾರ ಮಾಡಿಕೊಳ್ಳಬೇಕು, ಕೊನೇ ವಾರದಲ್ಲಿ ಅಲ್ಲ.

ಬೇರೆ ಬ್ರಾಂಚಿನವರಿಗಾಗಿ ಎರಡು ಮಾತು. ಪ್ರೊಲಾಗ್‌ನಲ್ಲಿ ಪಟ್ಟಿ ಅಂದ್ರೆ ಅರೇ ಅಲ್ಲ, ಸರಪಳಿ. ಪ್ರತಿ ಕೊಂಡಿಯಲ್ಲಿ ಎರಡು ಭಾಗ: ಒಂದು ತಲೆ, ಇನ್ನೊಂದು ಉಳಿದದ್ದು. ಆ "ಉಳಿದದ್ದು" ಮತ್ತೆ ಒಂದು ಪಟ್ಟಿಯೇ. ಹೀಗೆ ಹೋಗ್ತಾ ಹೋಗ್ತಾ ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ, ಆ ನಿಲ್ದಾಣದ ಹೆಸರೇ []. ಅಂದ್ರೆ ಎಷ್ಟೇ ಉದ್ದದ ಪಟ್ಟಿ ಇರಲಿ, ಪೂರ್ತಿಯಾದ ಪ್ರತಿ ಪಟ್ಟಿಯ ಹೊಟ್ಟೆಯೊಳಗೂ ಒಂದು [] ಇದ್ದೇ ಇರುತ್ತೆ. ಎರಡು ಪಟ್ಟಿ ಜೋಡಿಸೋ ಪ್ರಸಿದ್ಧ ಪ್ರೋಗ್ರಾಂ ಕನ್ನಡದಲ್ಲಿ ಬರೆದ್ರೆ ಹೀಗಿರುತ್ತೆ:

ಜೋಡಿಸು([], _ಬ, _ಬ).
ಜೋಡಿಸು([_ತ|_ಉ], _ಬ, [_ತ|_ಫ]) :- ಜೋಡಿಸು(_ಉ, _ಬ, _ಫ).

ಇದು ತಮಾಷೆಗೆ ಬರೆದದ್ದಲ್ಲ. ಎಸ್‌ಡಬ್ಲ್ಯುಐ ಪ್ರೊಲಾಗ್ ಯೂನಿಕೋಡ್ ಹೆಸರುಗಳನ್ನ ಒಪ್ಪುತ್ತೆ. ಒಂದೇ ತೊಡಕು ಏನಂದ್ರೆ, ಪ್ರೊಲಾಗ್‌ನಲ್ಲಿ ವೇರಿಯಬಲ್ ದೊಡ್ಡಕ್ಷರದಿಂದ ಶುರುವಾಗಬೇಕು, ನಮ್ಮ ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅಂತ ಭೇದವೇ ಇಲ್ಲ. ಅದಕ್ಕೇ ಪ್ರತಿ ವೇರಿಯಬಲ್ ಮುಂದೆ ಅಂಡರ್‌ಸ್ಕೋರ್. ಅದಿಲ್ಲದೆ ಬರೆದ್ರೆ ಕನ್ನಡದ ಪದ ಆಟಮ್ ಆಗಿಬಿಡುತ್ತೆ. ಕ್ಲಬ್ಬಿನ ಗೆಳೆಯರು ಒಮ್ಮೆ ಪ್ರಯತ್ನ ಮಾಡಿ, ಖುಷಿ ಆಗುತ್ತೆ.

ಈಗ ವಿಷಯಕ್ಕೆ ಬರೋಣ. "ಇಲ್ಲ" ಅನ್ನೋದು ಒಂದೇ ಥರದ್ದಲ್ಲ. ಕ್ಲಾಸಿನ ಗೈರುಹಾಜರಿ ಪಟ್ಟಿಯನ್ನೇ ತಗೊಳ್ಳಿ. ಸಿ.ಆರ್. ಬಂದು "ಇವತ್ತು ಆಬ್ಸೆಂಟ್ ಲಿಸ್ಟ್ ಖಾಲಿ" ಅಂದ್ರೆ ಎಲ್ಲರೂ ಬಂದಿದ್ದಾರೆ ಅಂತರ್ಥ. "ಅಟೆಂಡೆನ್ಸ್ ಇನ್ನೂ ತಗೊಂಡಿಲ್ಲ" ಅಂದ್ರೆ ಪಟ್ಟಿಯಲ್ಲಿ ಏನಿರುತ್ತೋ ಇನ್ನೂ ಗೊತ್ತಿಲ್ಲ, ಏನು ಬೇಕಾದ್ರೂ ಇರಬಹುದು. "ಇವತ್ತು ಕ್ಲಾಸೇ ಇರಲಿಲ್ಲ" ಅಂದ್ರೆ ಪಟ್ಟಿ ಕೇಳೋದೇ ತಪ್ಪು. ಈ ಮೂರನ್ನ ಕಲೆಸಿಬಿಟ್ರೆ ಸೆಮಿಸ್ಟರ್ ಕೊನೆಯಲ್ಲಿ ಅಟೆಂಡೆನ್ಸ್ ಶಾರ್ಟೇಜ್ ಲೆಕ್ಕ ಏನಾಗುತ್ತೆ ಅಂತ ನಿಮಗೇ ಗೊತ್ತು.

ಪ್ರೊಲಾಗ್‌ನಲ್ಲೂ ಈ ಮೂರು ಇವೆ. ಖಾಲಿ ಪಟ್ಟಿ, ಅಂದ್ರೆ []. ಇನ್ನೂ ಬೆಲೆ ಸಿಗದ ವೇರಿಯಬಲ್. ಆಮೇಲೆ ಪ್ರಶ್ನೆಗೇ ಉತ್ತರ ಇಲ್ಲ ಅನ್ನೋ ಫೇಲ್ಯೂರ್. ಭಾಷೆ ಈ ವ್ಯತ್ಯಾಸವನ್ನ ಎಷ್ಟು ಗಂಭೀರವಾಗಿ ತಗೊಳ್ಳುತ್ತೆ ಅಂದ್ರೆ, ಎಲ್ಲ ಉತ್ತರಗಳನ್ನ ಒಟ್ಟು ಮಾಡಿಕೊಡೋಕೆ ಎರಡು ಬೇರೆ ಬೇರೆ ಪ್ರೆಡಿಕೇಟ್ ಇಟ್ಟಿದೆ. ಫೈಂಡ್‌ಆಲ್ ಹಾಕಿದ್ರೆ, ಒಂದೂ ಉತ್ತರ ಸಿಗದಿದ್ದಾಗ [] ಕೊಟ್ಟು ಸುಮ್ಮನೆ ಮುಂದೆ ಹೋಗುತ್ತೆ. ಬ್ಯಾಗ್‌ಆಫ್ ಹಾಕಿದ್ರೆ ಅದೇ ಸಂದರ್ಭದಲ್ಲಿ ಫೇಲ್ ಆಗುತ್ತೆ. ಲ್ಯಾಬಲ್ಲಿ "ಒಂದರಲ್ಲಿ ಬರ್ತಿದೆ, ಇನ್ನೊಂದರಲ್ಲಿ ಫಾಲ್ಸ್ ಅಂತಿದೆ, ಇದೇನಿದು" ಅಂತ ತಲೆ ಕೆರೆದುಕೊಂಡವರು ತುಂಬಾ ಜನ. ಒಂದು "ಪಟ್ಟಿ ಖಾಲಿ" ಅಂತಿದೆ, ಇನ್ನೊಂದು "ಪಟ್ಟಿ ಮಾಡೋಕೆ ಏನೂ ಇಲ್ಲ" ಅಂತಿದೆ. ಎರಡೂ ಬೇಕಾದವೇ.

ಭಾಷೆಯ ಮಟ್ಟದಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆ ಇರೋದನ್ನ ಇಂಪ್ಲಿಮೆಂಟೇಷನ್ ಮಟ್ಟದಲ್ಲಿ ಕಲೆಸಿದ್ರೆ ಏನಾಗುತ್ತೆ? ಒಂದು ನಿಜವಾದ ಉದಾಹರಣೆ ಇದೆ. ನನಗೆ ಪರಿಚಯದ ಒಂದು ತಂಡ ಸಿ ಭಾಷೆಯಲ್ಲಿ ಪುಟ್ಟ ಪ್ರೊಲಾಗ್ ಬರೀತಿತ್ತು, ಹೆಸರು ಬೇಡ. ಡೇಟಾ ಸ್ಟ್ರಕ್ಚರ್ಸ್ ಪೇಪರ್‌ನಲ್ಲಿ ಲಿಂಕ್ಡ್ ಲಿಸ್ಟ್ ಕಲಿತ ನಾವೆಲ್ಲರೂ ಕೊನೇ ನೋಡ್‌ನಲ್ಲಿ ಏನಿಡ್ತೀವಿ? ನಲ್. ಅವರೂ ಅದನ್ನೇ ಇಟ್ರು. ಪಟ್ಟಿಯ ಕೊನೆ ಅಂದ್ರೆ ನಲ್. ಜೊತೆಗೆ ಪ್ರತಿ ವೇರಿಯಬಲ್‌ಗೂ ಒಂದು ಪಾಯಿಂಟರ್ ಇಟ್ಟಿದ್ರು, ಬೆಲೆ ಸಿಕ್ಕಾಗ ಅದು ಆ ಬೆಲೆಯ ಕಡೆ ತೋರಿಸುತ್ತೆ, ಬೆಲೆ ಸಿಗೋವರೆಗೂ ಅದರಲ್ಲೂ ನಲ್. ಎರಡೂ ಬಿಡಿಬಿಡಿಯಾಗಿ ನೋಡಿದ್ರೆ ಯಾವ ಟೆಕ್ಸ್ಟ್ ಬುಕ್ಕೂ ತಪ್ಪು ಅನ್ನಲ್ಲ.

ಆಮೇಲೆ ಈ ಪ್ರಶ್ನೆ ಕೇಳಿದ್ರು:

?- _ಕ = [], _ಕ = [ಬ].

ಮೊದಲನೇ ಭಾಗ _ಕಗೆ ಖಾಲಿ ಪಟ್ಟಿ ಕೊಡುತ್ತೆ. ಅಂದ್ರೆ ಅದರ ಪಾಯಿಂಟರ್‌ನಲ್ಲಿ ನಲ್ ಬರೆಯುತ್ತೆ. ಅಲ್ಲಿ ಮೊದಲೇ ನಲ್ ಇತ್ತು! ಏನೂ ಬದಲಾಗಲಿಲ್ಲ. ಎರಡನೇ ಭಾಗ ಬಂದು ನೋಡಿದಾಗ _ಕ ಇನ್ನೂ ಬೆಲೆ ಸಿಗದ ವೇರಿಯಬಲ್ ಥರಾನೇ ಕಾಣಿಸುತ್ತೆ. ಸರಿ, [ಬ] ಕೊಟ್ಟುಬಿಡ್ತು. ಉತ್ತರ: ನಿಜ, _ಕ ಅಂದ್ರೆ [ಬ]. ಅಂದ್ರೆ ಆ ಪ್ರೊಲಾಗ್ ಪ್ರಕಾರ ಖಾಲಿ ಪಟ್ಟಿಯೂ ಒಂದು ಅಂಶದ ಪಟ್ಟಿಯೂ ಒಂದೇ. ಇದು ಕ್ರ್ಯಾಶ್ ಆಗೋ ಬಗ್ ಅಲ್ಲ, ಸೆಗ್ಮೆಂಟೇಷನ್ ಫಾಲ್ಟ್ ಬಂದಿದ್ರೆ ಪುಣ್ಯ ಅಂದುಕೊಳ್ಳಬಹುದಿತ್ತು. ಇದು ತರ್ಕವೇ ತಪ್ಪಿದ ಬಗ್. ಲಾಜಿಕ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸುಳ್ಳನ್ನ ನಿಜ ಅಂತ ಸಾಬೀತು ಮಾಡೋ ಬಗ್. ಪಟ್ಟಿ ಜೋಡಿಸೋದು, ತಿರುಗಿಸೋದು, ಅಂಶ ಹುಡುಕೋದು, ಇವೆಲ್ಲ ಮಾಮೂಲಿ ಪ್ರಶ್ನೆಗಳಿಗೆ ಸರಿಯಾಗಿಯೇ ಓಡ್ತಿದ್ದವು. ಹಾಗಾಗಿ ಡೆಮೊ ದಿನದವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ. ಪ್ಯಾನಲ್‌ನಲ್ಲಿದ್ದವರು ಒಂದು ಪ್ರಶ್ನೆ ಕೇಳಿದ್ರು, ಅಷ್ಟೇ.

ಟೋನಿ ಹೋರ್ 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗೆ ನಲ್ ರೆಫರೆನ್ಸ್ ಸೇರಿಸಿ, 2009ರಲ್ಲಿ ಅದನ್ನ ತನ್ನ ನೂರು ಕೋಟಿ ಡಾಲರ್ ತಪ್ಪು ಅಂತ ಕರೆದುಕೊಂಡದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರೋ ಕಥೆ. ಜಾವಾದಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಷನ್ ನೋಡಿ ನಾವೂ ಆ ತಪ್ಪಿನ ಬಡ್ಡಿ ಕಟ್ತಾ ಇದ್ದೀವಿ. ಆದ್ರೆ ಅಲ್ಲಿ ಕನಿಷ್ಠ ಎಕ್ಸೆಪ್ಷನ್ ಬರುತ್ತೆ.

ನಲ್ ಬಿಟ್ಟಾಯ್ತು. ಇನ್ನು ಆಟಮ್. ಇದು ನಿಜವಾದ ಎದುರಾಳಿ, ಯಾಕಂದ್ರೆ ಇದರ ಹಿಂದೆ ದೊಡ್ಡ ಪರಂಪರೆ ಇದೆ.

ಈ ಕಥೆ ಶುರುವಾಗೋದು ಪ್ರೊಲಾಗ್‌ಗಿಂತ ಮುಂಚೆ, ಲಿಸ್ಪ್‌ನಿಂದ. ಜಾನ್ ಮೆಕಾರ್ಥಿ ಕಟ್ಟಿದ ಲಿಸ್ಪ್‌ನಲ್ಲಿ ನಿಲ್ ಅನ್ನೋದು ಒಂದೇ ಸಮಯಕ್ಕೆ ಖಾಲಿ ಪಟ್ಟಿ, "ಸುಳ್ಳು" ಅನ್ನೋ ಬೆಲೆ, ಜೊತೆಗೆ ಒಂದು ಸಿಂಬಲ್. ಮನೇಲಿ ಒಬ್ಬನೇ ಮಗ ಇದ್ರೆ ಅಂಗಡಿಗೂ ಅವನೇ, ಹೊಲಕ್ಕೂ ಅವನೇ ಅನ್ನೋ ಹಾಗೆ. ಕಾಮನ್ ಲಿಸ್ಪ್ ಇವತ್ತಿಗೂ ಹಾಗೇ ಇದೆ, ಆ ಭಾಷೆಯವರು ಅದು ಅನುಕೂಲ ಅಂತಲೇ ವಾದ ಮಾಡ್ತಾರೆ. ಸ್ಕೀಮ್ ಭಾಷೆಯವರು ಮಾತ್ರ ಮೂರನ್ನೂ ಬಿಡಿಸಿದ್ರು: ಖಾಲಿ ಪಟ್ಟಿ ಬೇರೆ, ಸುಳ್ಳು ಬೇರೆ, ಸಿಂಬಲ್ ಬೇರೆ.

ಪ್ರೊಲಾಗ್ ಹುಟ್ಟಿದ್ದು 1972ರ ಸುಮಾರಿಗೆ ಫ್ರಾನ್ಸಿನ ಮಾರ್ಸೇಯಲ್ಲಿ, ಅಲೆನ್ ಕೋಲ್ಮೆರೋರ್ ತಂಡದ ಕೈಯಲ್ಲಿ. ನಾವು ಇವತ್ತು ಬರೆಯೋ ಚೌಕ ಬ್ರಾಕೆಟ್ ಶೈಲಿ ಗಟ್ಟಿಯಾಗಿ ನೆಲೆ ನಿಂತದ್ದು ಎಡಿನ್‌ಬರಾದಲ್ಲಿ, ಡೇವಿಡ್ ವಾರೆನ್ ಮತ್ತು ಗೆಳೆಯರು 1977ರ ಹೊತ್ತಿಗೆ ಡಿಇಸಿ-10 ಯಂತ್ರಕ್ಕಾಗಿ ಮಾಡಿದ ಪ್ರೊಲಾಗ್‌ನಿಂದ. ಅಲ್ಲಿ [] ಅನ್ನೋದು ಒಂದು ಆಟಮ್. ಬರೆಯೋ ರೀತಿ ವಿಶೇಷ, ಒಳಗೆ ಸಾಮಾನ್ಯ. 1995ರಲ್ಲಿ ಬಂದ ಐಎಸ್ಒ ಸ್ಟ್ಯಾಂಡರ್ಡ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಜಿಎನ್‌ಯು ಪ್ರೊಲಾಗ್, ಸಿಕ್‌ಸ್ಟಸ್ ಪ್ರೊಲಾಗ್ ಇಂಥವುಗಳಲ್ಲಿ ಈ ಕೆಳಗಿನ ಪ್ರಶ್ನೆ ಕೇಳಿದ್ರೆ ಹೌದು ಅನ್ನುತ್ತವೆ:

?- [] == '[]'.

ಎಸ್‌ಡಬ್ಲ್ಯುಐ 7 ಅಥವಾ ಅದಕ್ಕಿಂತ ಹೊಸದರಲ್ಲಿ ಇದೇ ಪ್ರಶ್ನೆಗೆ ಇಲ್ಲ ಅಂತ ಬರುತ್ತೆ. ಬಲಗಡೆ ಇರೋದು ಎರಡು ಅಕ್ಷರದ ಒಂದು ಹೆಸರು, ಎಡಗಡೆ ಇರೋದು ಖಾಲಿ ಪಟ್ಟಿ.

ಆಟಮ್ ಅನ್ನೋರ ವಾದ ಹಗುರವಾಗಿ ತಳ್ಳಿಹಾಕೋ ಹಾಗಿಲ್ಲ. ಪ್ರೊಲಾಗ್‌ನ ಸೌಂದರ್ಯವೇ ಎಲ್ಲವೂ ಟರ್ಮ್ ಅನ್ನೋದರಲ್ಲಿದೆ. ವೇರಿಯಬಲ್, ಆಟಮ್, ಸಂಖ್ಯೆ, ಕಾಂಪೌಂಡ್ ಟರ್ಮ್, ಇಷ್ಟೇ. ಪಟ್ಟಿಗೂ ವಿಶೇಷ ಸ್ಥಾನ ಇಲ್ಲ, ಅದು ಚುಕ್ಕೆ ಅನ್ನೋ ಹೆಸರಿನ, ಎರಡು ಆರ್ಗ್ಯುಮೆಂಟ್ ಇರೋ ಒಂದು ಕಾಂಪೌಂಡ್ ಟರ್ಮ್ ಅಷ್ಟೇ. ಖಾಲಿ ಪಟ್ಟಿ ಒಂದು ಆಟಮ್. ಹೊಸ ಜಾತಿ ಸೃಷ್ಟಿ ಮಾಡಬೇಡಿ, ಇರೋದರಲ್ಲೇ ಸಂಸಾರ ತೂಗಿಸಿ ಅನ್ನೋದು ಅವರ ಮಾತು. ಇಂಟರ್‌ಪ್ರಿಟರ್ ಬರೆಯೋನಿಗೂ ಸುಲಭ: ಆಟಮ್ ಟೇಬಲ್‌ನಲ್ಲಿ ಒಂದು ಸಾಲು ಸೇರಿಸಿದ್ರೆ ಮುಗೀತು, ಯೂನಿಫಿಕೇಷನ್ ತಾನಾಗಿ ಕೆಲಸ ಮಾಡುತ್ತೆ.

ಹಾಗಾದ್ರೆ ತೊಂದರೆ ಎಲ್ಲಿ? ಪಠ್ಯ ಬಂದಾಗ. ಆಟಮ್ ಅಂದ್ಮೇಲೆ ಅದಕ್ಕೊಂದು ಹೆಸರಿರುತ್ತೆ, ಹೆಸರು ಅಂದ್ಮೇಲೆ ಅಕ್ಷರಗಳಿರುತ್ತವೆ. ಐಎಸ್ಒ ಪ್ರಕಾರ [] ಅನ್ನೋ ಆಟಮ್‌ನ ಉದ್ದ ಕೇಳಿದ್ರೆ 2. ಅದೇ [] ಅನ್ನ ಪಟ್ಟಿ ಅಂತ ನೋಡಿ ಉದ್ದ ಕೇಳಿದ್ರೆ 0. ಎರಡೂ ಸರಿ, ಎರಡೂ ಒಂದೇ ವಸ್ತುವಿನ ಬಗ್ಗೆ! ಇದಕ್ಕೆ ಪ್ರೊಲಾಗ್‌ನ ಇನ್ನೊಂದು ಹಳೇ ಅಭ್ಯಾಸ ಸೇರಿಸಿ: ಪಠ್ಯವನ್ನ ಅಕ್ಷರ ಸಂಕೇತಗಳ ಪಟ್ಟಿಯಾಗಿ ಇಡೋದು. ಆಗ ಖಾಲಿ ಪಠ್ಯ ಅಂದ್ರೆ ಖಾಲಿ ಪಟ್ಟಿ, ಅಂದ್ರೆ []. ಪಠ್ಯವನ್ನ ಆಟಮ್ ಆಗಿಯೂ ಪಟ್ಟಿಯಾಗಿಯೂ ಸ್ವೀಕರಿಸೋ ಒಂದು ಪ್ರೆಡಿಕೇಟ್‌ಗೆ ನೀವು [] ಕೊಟ್ರಿ ಅಂದುಕೊಳ್ಳಿ. ಏನೂ ಬರೆಯದ ಖಾಲಿ ಸಾಲು ಕೊಟ್ರಾ, ಎರಡು ಬ್ರಾಕೆಟ್ ಬರೆದ ಸಾಲು ಕೊಟ್ರಾ? ಆ ಪ್ರೆಡಿಕೇಟ್ ಬರೆದವನು ಎಷ್ಟೇ ಬುದ್ಧಿವಂತ ಆಗಿದ್ರೂ ಹೇಳೋಕಾಗಲ್ಲ, ಯಾಕಂದ್ರೆ ಅವನ ಕೈಗೆ ಬರೋ ಹೊತ್ತಿಗೆ ಆ ಮಾಹಿತಿ ಕಳೆದುಹೋಗಿರುತ್ತೆ.

ಎಪ್ಪತ್ತರ ದಶಕದಲ್ಲಿ ಇದು ತಲೆಹರಟೆ ಪ್ರಶ್ನೆ ಅನ್ನಿಸಿರಬಹುದು. ಈಗ ಹಾಗಲ್ಲ. ಹಾಸ್ಟೆಲ್ ಮೆಸ್ಸಿಗೆ ಒಂದು ಫೀಡ್‌ಬ್ಯಾಕ್ ಫಾರ್ಮ್ ಇದೆ, ಅದರ ಡೇಟಾ ಜೇಸನ್ ರೂಪದಲ್ಲಿ ಬರುತ್ತೆ, ಹಿಂದೆ ಪ್ರೊಲಾಗ್ ಕೂತು ಅದನ್ನ ಓದುತ್ತೆ ಅಂತ ಊಹಿಸಿಕೊಳ್ಳಿ. "ನಿಮಗೆ ಬೇಡವಾದ ತಿಂಡಿಗಳು" ಅನ್ನೋ ಜಾಗದಲ್ಲಿ ಒಬ್ಬ ಏನೂ ಆರಿಸಲಿಲ್ಲ, ಹಾಗಾಗಿ ಖಾಲಿ ಅರೇ ಬಂತು. ಇನ್ನೊಬ್ಬ ಕಿಡಿಗೇಡಿ ಕಾಮೆಂಟ್ ಬಾಕ್ಸಿನಲ್ಲಿ ಎರಡು ಬ್ರಾಕೆಟ್ ಟೈಪ್ ಮಾಡಿ ಕಳಿಸಿದ, ಅದು ಸ್ಟ್ರಿಂಗ್ ಆಗಿ ಬಂತು. ಸ್ಟ್ರಿಂಗ್‌ಗಳನ್ನ ಆಟಮ್ ಆಗಿ ಓದೋ ರೂಢಿ ಇರೋ ಕಡೆ, ಐಎಸ್ಒ ದಾರಿ ಹಿಡಿದ್ರೆ ಇಬ್ಬರ ಉತ್ತರವೂ ಒಂದೇ ಆಗಿಬಿಡುತ್ತೆ. ವಾಪಸ್ ಜೇಸನ್ ಬರೆಯುವಾಗ ಯಾವುದನ್ನ ಅರೇ ಮಾಡಬೇಕು, ಯಾವುದನ್ನ ಸ್ಟ್ರಿಂಗ್ ಮಾಡಬೇಕು? ಹೊರಗಿನ ಜಗತ್ತು ಎರಡು ಅಂತ ಕಳಿಸಿದ್ದನ್ನ ನಾವು ಒಂದು ಮಾಡಿ ವಾಪಸ್ ಕೊಟ್ಟ ಹಾಗಾಯ್ತು. ಬಳಕೆದಾರ ಏನು ಬೇಕಾದ್ರೂ ಟೈಪ್ ಮಾಡಬಹುದಾದ ಜಾಗದ ಬೆಲೆಯೂ, ನಮ್ಮ ಪ್ರೋಗ್ರಾಂನ ಒಳಗಿನ ಸರಪಳಿ ನಿಲ್ಲೋ ಗುರುತೂ ಒಂದೇ ಆಗಿರೋದು ನನಗಂತೂ ಒಪ್ಪಿಗೆ ಇಲ್ಲ.

ಇನ್ನೊಂದು ಕುತೂಹಲದ ಸಂಗತಿ. ಆಟಮ್ ಅಂತ ಹೇಳೋ ಅದೇ ಪರಂಪರೆ, ಯಂತ್ರದ ಒಳಗೆ [] ಅನ್ನ ಎಂದೂ ಸಾಮಾನ್ಯ ಆಟಮ್ ಥರ ನಡೆಸಿಕೊಂಡಿಲ್ಲ. 1983ರಲ್ಲಿ ಡೇವಿಡ್ ವಾರೆನ್ ಪ್ರೊಲಾಗ್‌ಗಾಗಿ ಒಂದು ಅಮೂರ್ತ ಯಂತ್ರ ವಿನ್ಯಾಸ ಮಾಡಿದ್ರು. ವಾರೆನ್ ಅಬ್‌ಸ್ಟ್ರಾಕ್ಟ್ ಮಷೀನ್ ಅಂತಲೇ ಅದರ ಹೆಸರು, ಆಮೇಲೆ ಬಂದ ಬಹುತೇಕ ಪ್ರೊಲಾಗ್ ಕಂಪೈಲರ್‌ಗಳು ಯಾವುದೋ ಒಂದು ರೀತಿಯಲ್ಲಿ ಅದರ ಋಣದಲ್ಲಿವೆ. ಅದರಲ್ಲಿ ಕಾನ್‌ಸ್ಟಂಟ್‌ಗಳಿಗೆ ಇನ್‌ಸ್ಟ್ರಕ್ಷನ್ ಇದ್ದೇ ಇತ್ತು. ಆದ್ರೂ ಖಾಲಿ ಪಟ್ಟಿಗೆ ಅಂತಲೇ ಗೆಟ್-ನಿಲ್, ಪುಟ್-ನಿಲ್, ಯೂನಿಫೈ-ನಿಲ್ ಅಂತ ಪ್ರತ್ಯೇಕ ಇನ್‌ಸ್ಟ್ರಕ್ಷನ್‌ಗಳನ್ನ ಇಟ್ಟರು. ಪಟ್ಟಿಯ ಕೊಂಡಿಗೂ ಪ್ರತ್ಯೇಕ ಟ್ಯಾಗ್. ಮಾಮೂಲಿ ಕಾಂಪೌಂಡ್ ಟರ್ಮ್ ಆದ್ರೆ ಅದರ ಹೆಸರಿಗೊಂದು ವರ್ಡ್, ಎರಡು ಆರ್ಗ್ಯುಮೆಂಟ್‌ಗೆ ಎರಡು, ಒಟ್ಟು ಮೂರು ವರ್ಡ್ ಬೇಕು. ಪಟ್ಟಿಗೆ ಅಂತ ಟ್ಯಾಗ್ ಇದ್ರೆ ಹೆಸರಿನ ವರ್ಡ್ ಉಳೀತು, ಎರಡೇ ಸಾಕು. 64 ಬಿಟ್ ಯಂತ್ರದಲ್ಲಿ 24 ಬೈಟ್ ಬದಲು 16 ಬೈಟ್. ಲಕ್ಷ ಅಂಶದ ಪಟ್ಟಿಗೆ 8 ಲಕ್ಷ ಬೈಟ್ ಉಳಿತಾಯ.

ಇದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಮೇಲೆ ಬರೆದ ಜೋಡಿಸು ನೋಡಿ. ಎರಡು ಕ್ಲಾಸ್‌ಗಳಿವೆ, ಒಂದು [] ಬಂದಾಗ, ಇನ್ನೊಂದು ಕೊಂಡಿ ಬಂದಾಗ. ಮೊದಲ ಆರ್ಗ್ಯುಮೆಂಟ್ ಏನು ಅಂತ ಟ್ಯಾಗ್ ನೋಡಿದ ತಕ್ಷಣ ಗೊತ್ತಾದ್ರೆ, ಯಂತ್ರ ನೇರವಾಗಿ ಸರಿಯಾದ ಕ್ಲಾಸ್‌ಗೆ ಹೋಗುತ್ತೆ, ಇನ್ನೊಂದರ ಕಡೆ ತಿರುಗಿ ಕೂಡ ನೋಡಲ್ಲ. ವಾರೆನ್ ಯಂತ್ರದಲ್ಲಿ ಇದಕ್ಕೇ ಒಂದು ಇನ್‌ಸ್ಟ್ರಕ್ಷನ್ ಇದೆ, ವೇರಿಯಬಲ್, ಕಾನ್‌ಸ್ಟಂಟ್, ಪಟ್ಟಿ, ಸ್ಟ್ರಕ್ಚರ್ ಅಂತ ನಾಲ್ಕು ದಾರಿಗೆ ಕವಲು ಒಡೆಯುತ್ತೆ. ಮೆಜೆಸ್ಟಿಕ್‌ನಲ್ಲಿ ಬೋರ್ಡ್ ನೋಡಿ ನೇರ ನಿಮ್ಮ ಪ್ಲಾಟ್‌ಫಾರ್ಮ್‌ಗೆ ಹೋದ ಹಾಗೆ. ಈ ಗುರುತು ಇಲ್ಲದಿದ್ರೆ? ಪ್ರತಿ ಹೆಜ್ಜೆಯಲ್ಲೂ "ಇದು ಆಗದಿದ್ರೆ ಅದನ್ನ ನೋಡೋಣ" ಅಂತ ಒಂದು ಚಾಯ್ಸ್ ಪಾಯಿಂಟ್ ಬಿಟ್ಟು ಹೋಗಬೇಕು. ಲಕ್ಷ ಅಂಶದ ಪಟ್ಟಿ ಅಂದ್ರೆ ಲಕ್ಷ ಚಾಯ್ಸ್ ಪಾಯಿಂಟ್, ಮೆಮೊರಿ ತುಂಬಿ ಕೂರುತ್ತೆ. ಲ್ಯಾಬಲ್ಲಿ ಉತ್ತರ ಬಂದ ಮೇಲೂ ಪ್ರಾಂಪ್ಟ್ ನಿಮ್ಮ ಕೀಲಿಗಾಗಿ ಕಾಯ್ತಾ ಕೂರೋದು, ಸೆಮಿಕೋಲನ್ ಒತ್ತಿದ್ರೆ ಫಾಲ್ಸ್ ಅನ್ನೋದು ಇದೇ ಥರದ ಬಾಕಿ ಉಳಿದ ಚಾಯ್ಸ್ ಪಾಯಿಂಟ್‌ನಿಂದ.

ಅಂದ್ರೆ ವೇಗಕ್ಕಾಗಿ ನಾವು ಆಗಲೇ [] ವಿಶೇಷ ಅಂತ ಒಪ್ಪಿಕೊಂಡಿದ್ದೀವಿ. ಅರ್ಥಕ್ಕಾಗಿ ಮಾತ್ರ ಒಪ್ಪಲ್ಲ ಅನ್ನೋದು ಯಾವ ನ್ಯಾಯ?

ಎರ್ಲಾಂಗ್ ಕಡೆಗೂ ಒಮ್ಮೆ ನೋಡಬೇಕು. ಜೋ ಆರ್ಮ್‌ಸ್ಟ್ರಾಂಗ್ ಮತ್ತು ಗೆಳೆಯರು ಎರಿಕ್ಸನ್‌ನಲ್ಲಿ ಅದನ್ನ ಕಟ್ಟಿದಾಗ ಮೊದಲ ಇಂಪ್ಲಿಮೆಂಟೇಷನ್ ಬರೆದದ್ದು ಪ್ರೊಲಾಗ್‌ನಲ್ಲೇ. ಬ್ರಾಕೆಟ್, ಆಟಮ್, ದೊಡ್ಡಕ್ಷರದ ವೇರಿಯಬಲ್, ಎಲ್ಲವೂ ಪ್ರೊಲಾಗ್ ಮನೆಯಿಂದ ಬಂದ ಉಡುಗೊರೆ. ಆದ್ರೆ ಎರ್ಲಾಂಗ್‌ನಲ್ಲಿ [] ಆಟಮ್ ಅಲ್ಲ. ಆಟಮ್ಮಾ ಅಂತ ಕೇಳಿದ್ರೆ ಸುಳ್ಳು ಅನ್ನುತ್ತೆ, ಲಿಸ್ಟಾ ಅಂತ ಕೇಳಿದ್ರೆ ನಿಜ ಅನ್ನುತ್ತೆ. ವಾಟ್ಸಾಪ್‌ನ ಸರ್ವರ್‌ಗಳು ಕಟ್ಟಿರೋದು ಈ ಭಾಷೆಯ ಮೇಲೆ. ಖಾಲಿ ಪಟ್ಟಿಗೆ ಬೇರೆ ಮನೆ ಕೊಟ್ಟಿದ್ದರಿಂದ ಅಲ್ಲೇನೂ ಆಕಾಶ ಕಳಚಿ ಬೀಳಲಿಲ್ಲ.

ಇನ್ನು ಎಸ್‌ಡಬ್ಲ್ಯುಐ ವಿರುದ್ಧದ ದೂರುಗಳು. ಜಾನ್ ವೀಲೆಮೇಕರ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1987ರಲ್ಲಿ ಶುರು ಮಾಡಿದ ಈ ಪ್ರೊಲಾಗ್ ಇವತ್ತು ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣಸಿಗೋದು. ಅಂಥದ್ದು ಸ್ಟ್ಯಾಂಡರ್ಡ್ ಬಿಟ್ಟು ಹೊರಟರೆ ಸ್ಟ್ಯಾಂಡರ್ಡ್‌ಗೆ ಏನು ಬೆಲೆ ಅನ್ನೋದು ದೊಡ್ಡ ದೂರು. ಈ ದೂರಿನಲ್ಲಿ ನಿಜ ಇದೆ, ನನಗೂ ಸ್ವಲ್ಪ ಕೋಪ ಇದೆ, ಆದ್ರೆ ಬೇರೆ ಜಾಗದಲ್ಲಿ. 7ನೇ ಆವೃತ್ತಿ ಎರಡು ಬದಲಾವಣೆಗಳನ್ನ ಒಟ್ಟಿಗೆ ತಂತು. ಒಂದು [] ಅನ್ನ ಪ್ರತ್ಯೇಕ ಮಾಡಿದ್ದು. ಇನ್ನೊಂದು, ಪಟ್ಟಿಯ ಕೊಂಡಿಯ ಹೆಸರನ್ನ ಚುಕ್ಕೆಯಿಂದ '[|]' ಅಂತ ಬದಲಾಯಿಸಿದ್ದು. ಚುಕ್ಕೆಯನ್ನ ಹೊಸದಾಗಿ ತಂದ ಡಿಕ್ಟ್ ಅನ್ನೋ ಸೌಲಭ್ಯಕ್ಕೆ ಬಿಟ್ಟುಕೊಡಬೇಕಿತ್ತು. ಮೊದಲನೆಯದು ಅರ್ಥ ಸರಿಪಡಿಸೋ ಬದಲಾವಣೆ, ಎರಡನೆಯದು ಜಾಗ ಖಾಲಿ ಮಾಡಿಸೋ ಬದಲಾವಣೆ. ನಿಜವಾಗಿ ಹಳೇ ಪ್ರೋಗ್ರಾಂಗಳಿಗೆ ಹೆಚ್ಚು ಹೊಡೆತ ಕೊಟ್ಟದ್ದು ಎರಡನೆಯದು ಅನ್ನೋದು ನನ್ನ ಅಂದಾಜು, ಯಾಕಂದ್ರೆ ಹಳೇ ಪುಸ್ತಕಗಳಲ್ಲಿ ಪಟ್ಟಿಯ ಒಳರೂಪ ತೋರಿಸೋಕೆ ಚುಕ್ಕೆಯಲ್ಲೇ ಬರೆದಿರ್ತಾರೆ, '[]' ಅಂತ ಕೋಟ್ ಹಾಕಿ ಬರೆಯೋರು ಅಪರೂಪ. ಬೈಗುಳ ಮಾತ್ರ ಎರಡಕ್ಕೂ ಸಮನಾಗಿ ಬಿತ್ತು.

ಇದು ನಮ್ಮಂಥವರಿಗೆ ಮುಟ್ಟೋದು ಹೇಗೆ ಅಂದ್ರೆ ಹೀಗೆ. ಒಂದು ಕಾಲೇಜಿನಲ್ಲಿ ಲ್ಯಾಬ್ ಮ್ಯಾನ್ಯುಯಲ್ ಹಳೇ ಪುಸ್ತಕದಿಂದ ಇಳಿಸಿದ್ದು, ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ಇರೋದು ಹೊಸ ಎಸ್‌ಡಬ್ಲ್ಯುಐ. ನನ್ನ ಕಸಿನ್ ಪರೀಕ್ಷೆಯಲ್ಲಿ ಮ್ಯಾನ್ಯುಯಲ್‌ನಲ್ಲಿದ್ದ ಹಾಗೇ ಚುಕ್ಕೆ ಹಾಕಿ ಪಟ್ಟಿ ಬರೆದಳು, ಎರರ್ ಬಂತು. "ಪ್ರೋಗ್ರಾಂ ಓಡಲಿಲ್ಲ" ಅಂತ ಮಾರ್ಕ್ಸ್ ಕಟ್. ಮ್ಯಾನ್ಯುಯಲ್ ಬರೆದವರಾಗಲಿ ಪರೀಕ್ಷಕರಾಗಲಿ ಆವೃತ್ತಿ ಬೇರೆ ಅನ್ನೋದನ್ನ ಗಮನಿಸಿರಲಿಲ್ಲ. ಹಳೇ ನಡವಳಿಕೆ ಬೇಕಾದವರಿಗೆ ಎಸ್‌ಡಬ್ಲ್ಯುಐ ಶುರು ಮಾಡುವಾಗಲೇ ಕೊಡಬಹುದಾದ ಟ್ರೆಡಿಷನಲ್ ಅನ್ನೋ ಆಯ್ಕೆ ಇದೆ, ಅದನ್ನ ಕೊಟ್ಟಿದ್ರೆ ಸಾಕಿತ್ತು. ಇದಕ್ಕೆ ಭಾಷೆಯನ್ನ ಬೈಯೋದಕ್ಕಿಂತ, ಮ್ಯಾನ್ಯುಯಲ್‌ನ ಮೊದಲ ಪುಟದಲ್ಲಿ ಯಾವ ಪ್ರೊಲಾಗ್, ಯಾವ ಆವೃತ್ತಿ ಅಂತ ಒಂದು ಸಾಲು ಬರೀರಿ ಅಂತ ವಿಭಾಗದವರನ್ನ ಕೇಳೋದು ಒಳ್ಳೇದು. ನಮ್ಮ ಕ್ಯಾಂಪಸ್ಸಿನಲ್ಲೂ ಕೇಳೋಣ.

ಪ್ರತ್ಯೇಕ ಕಾನ್‌ಸ್ಟಂಟ್ ಮಾಡಿದ್ರೆ ಎಲ್ಲವೂ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಒಳಗೊಳಗೆ ಪಟ್ಟಿಗಳಿರೋ ಪಟ್ಟಿಯನ್ನ ಚಪ್ಪಟೆ ಮಾಡೋ ಪ್ರೋಗ್ರಾಂ ಬರೆದವರಿಗೆ ಗೊತ್ತು: "ಆಟಮ್ ಆದ್ರೆ ಹಾಗೇ ಇಟ್ಟುಕೋ" ಅನ್ನೋ ಕ್ಲಾಸ್ ಮೊದಲು ಬರೆದ್ರೆ, ಐಎಸ್ಒ ಪ್ರೊಲಾಗ್‌ನಲ್ಲಿ [ಅ, [], ಬ] ಚಪ್ಪಟೆ ಆದ ಮೇಲೂ ನಡುವಿನ [] ಹಾಗೇ ಉಳಿದುಬಿಡುತ್ತೆ, ಯಾಕಂದ್ರೆ ಅದೂ ಆಟಮ್ಮೇ. ಇಂಥ ಕಡೆ [] ಕ್ಲಾಸನ್ನ ಮೊದಲು ಬರೆಯೋ ಅಭ್ಯಾಸವೇ ಮದ್ದು, ಯಾವ ಇಂಪ್ಲಿಮೆಂಟೇಷನ್ ಆದ್ರೂ ಸರಿ. ಆಟಮ್ಮಾ ಅಂತ ಕೇಳೋ ಪರೀಕ್ಷೆ [] ಬಂದಾಗ ಏನು ಹೇಳಬೇಕು ಅನ್ನೋದು ಪ್ರತ್ಯೇಕ ನಿರ್ಧಾರ.

ಸ್ವಂತ ಇಂಟರ್‌ಪ್ರಿಟರ್ ಬರೆಯೋರಿಗೆ ಇದರ ಖರ್ಚು ಎಷ್ಟು ಅಂತ ಹೇಳಿ ಮುಗಿಸ್ತೀನಿ. ಸಿಯಲ್ಲಿ ಮೆಮೊರಿ 8 ಬೈಟ್ ಗಡಿಗೆ ಹೊಂದಿಸಿದ್ರೆ ಪ್ರತಿ ಪಾಯಿಂಟರ್‌ನ ಕೆಳಗಿನ ಮೂರು ಬಿಟ್ ಯಾವಾಗಲೂ ಸೊನ್ನೆ. ಆ ಮೂರು ಬಿಟ್‌ನಲ್ಲಿ ಎಂಟು ಟ್ಯಾಗ್ ಹಿಡಿಸುತ್ತೆ: ವೇರಿಯಬಲ್, ಆಟಮ್, ಸಣ್ಣ ಪೂರ್ಣಾಂಕ, ಪಟ್ಟಿಯ ಕೊಂಡಿ, ಕಾಂಪೌಂಡ್ ಟರ್ಮ್ ಅಂತ ಹಂಚಿದ ಮೇಲೂ ಜಾಗ ಮಿಗುತ್ತೆ. ಅದರಲ್ಲಿ ಒಂದನ್ನ ಮೀಸಲು ಕಾನ್‌ಸ್ಟಂಟ್‌ಗಳಿಗೆ ಅಂತ ಇಡಿ, ಅದರ ಮೊದಲ ಸಂಖ್ಯೆ []. ಬೆಲೆ ಸಿಗದ ವೇರಿಯಬಲ್‌ಗೆ ನಲ್ ಇಡೋ ಬದಲು ಅದು ತನ್ನ ಕಡೆಗೇ ತೋರಿಸೋ ಹಾಗೆ ಮಾಡಿ, ವಾರೆನ್ ಯಂತ್ರದಲ್ಲೂ ರೂಢಿ ಅದೇ. ಯೂನಿಫಿಕೇಷನ್‌ನಲ್ಲಿ ಎರಡು ವರ್ಡ್ ಸಮ ಇದ್ರೆ ಸರಿ ಅನ್ನೋ ಮೊದಲ ಸಾಲು ಹೇಗೂ ಇರುತ್ತೆ, [] ಅಲ್ಲೇ ಪಾಸಾಗುತ್ತೆ. ಹೊಸದಾಗಿ ಬರೆಯಬೇಕಾದ್ದು ಓದೋ ಭಾಗದಲ್ಲಿ ನಾಲ್ಕು ಸಾಲು, ಪ್ರಿಂಟ್ ಮಾಡೋ ಭಾಗದಲ್ಲಿ ಎರಡು ಸಾಲು. ಕೋಟ್ ಹಾಕಿದ '[]' ಪ್ರಿಂಟ್ ಮಾಡುವಾಗ ಕೋಟ್ ಬಿಡಬೇಡಿ, ಬಿಟ್ರೆ ವಾಪಸ್ ಓದುವಾಗ ಅದು ಖಾಲಿ ಪಟ್ಟಿ ಆಗಿಬಿಡುತ್ತೆ.

ಬರೆದಾದ ಮೇಲೆ ಡೆಮೊ ದಿನಕ್ಕೆ ಕಾಯದೆ ಅವತ್ತೇ ಈ ಮೂರನ್ನ ಓಡಿಸಿ ನೋಡಿ:

?- _ಕ = [], _ಕ = [ಬ].
?- ಜೋಡಿಸು([ಅ], _ಕ, [ಅ]).
?- [] == '[]'.

ಮೊದಲನೆಯದು ಫೇಲ್ ಆಗಬೇಕು. ಎರಡನೆಯದು _ಕ = [] ಅನ್ನಬೇಕು, ಹೆಸರಿಲ್ಲದ ಯಾವುದೋ ವೇರಿಯಬಲ್ ತೋರಿಸಿದ್ರೆ ನಲ್ ಎಲ್ಲೋ ನುಸುಳಿದೆ ಅಂತರ್ಥ. ಮೂರನೆಯದಕ್ಕೆ ಏನು ಬರಬೇಕು ಅಂತ ನನ್ನ ಅಭಿಪ್ರಾಯ ಹೇಳಿದ್ದಾಯ್ತು. ನೀವು ಐಎಸ್ಒ ಪಕ್ಷ ಆದ್ರೆ ನಿಜ ಅಂತ ಬರಲಿ, ಆದ್ರೆ ಅದನ್ನ ಬೇಕಂತಲೇ ಆರಿಸಿಕೊಂಡಿರಿ, ಯಾಕೆ ಅಂತ ರಿಪೋರ್ಟ್‌ನಲ್ಲಿ ಒಂದು ಪ್ಯಾರಾ ಬರೀರಿ. ಹಾಗೇ ಸುರುಳಿ ಬ್ರಾಕೆಟ್‌ನ {} ಕೂಡ ಒಮ್ಮೆ ನೋಡಿ. ಅದನ್ನ ಎಸ್‌ಡಬ್ಲ್ಯುಐ ಕೂಡ ಇವತ್ತಿಗೂ ಮಾಮೂಲಿ ಆಟಮ್ ಆಗಿಯೇ ಇಟ್ಟುಕೊಂಡಿದೆ.